ಸಾಬೂನಿನ ದೂರೂ ದೂರೇ

2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲ ಸಿಕ್ಕಿಬಿತ್ತು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪೇಟೆಗಳಿಗೆ ಹೈದರಾಬಾದ್ ದೂರವೇನಲ್ಲ. ಅಲ್ಲಿನ ಗೋರ್ಟಾ (ಬಿ) ಗ್ರಾಮದ ಕಿರಾಣಿ ಅಂಗಡಿಯಲ್ಲಿ ಸಾಬೂನು ಕೊಳ್ಳುವವರು ಪೊಟ್ಟಣ ತಿರುವಿ ನೋಡಬೇಕಾದದ್ದು ಅದಕ್ಕೇ. ತಯಾರಕರ ವಿಳಾಸ, ತೂಕ, ಎಂಆರ್‌ಪಿ, ದೂರಿಗಾಗಿ ಫೋನ್ ಸಂಖ್ಯೆ ಅಲ್ಲಿರಲೇಬೇಕು. ಟಿಎಫ್‌ಎಂ (ಒಟ್ಟು ಕೊಬ್ಬಿನಾಂಶ) ಪ್ರಮಾಣವನ್ನೂ ಗಮನಿಸಬೇಕು. ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಮಾನದಂಡ ಕನಿಷ್ಠ ಶೇ 76. ‘ಬಾತಿಂಗ್ ಬಾರ್’ ಎಂದಿದ್ದರೆ ಅದು ಕಡಿಮೆ ಕೊಬ್ಬಿನಾಂಶದ ಬೇರೆಯೇ ಸರಕು. ಇಷ್ಟು ಮುಖ್ಯ ವ್ಯತ್ಯಾಸವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಅಡಗಿಸುವುದು ಕನ್ನಡದ ಗ್ರಾಹಕರಿಗೆ ಮಾಡುವ ಅನ್ಯಾಯ.

ಹತ್ತಿಪ್ಪತ್ತು ರೂಪಾಯಿಯ ವಸ್ತುವಿಗಾಗಿ ದೂರು ಕೊಡಲು ಬೀದರ್‌ವರೆಗೆ ಯಾರು ಅಲೆಯುತ್ತಾರೆ ಎಂಬ ಆಕ್ಷೇಪ ಸಹಜ. ಮೊದಲ ಹೆಜ್ಜೆಗೆ ಅಲೆದಾಟವೇ ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಗ್ರಾಹಕ ದೂರು ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ನಿಜವಾದ ಅಡ್ಡಿ ಇರುವುದು ರಸೀದಿಯಲ್ಲಿ. ಉದ್ರಿ ನಡೆಯುವ ಊರಲ್ಲಿ ಬಿಲ್ ಕೇಳಿದರೆ ಅಂಗಡಿಯವರನ್ನೇ ಅನುಮಾನಿಸಿದಂತಾಗುತ್ತದೆ. ಆದರೆ ನಕಲಿ ಮಾಲಿನಿಂದ ಅವರೂ ಮೋಸ ಹೋಗುತ್ತಾರೆ. ಸಗಟು ವ್ಯಾಪಾರಿಯ ಬಿಲ್ ಅವರ ಕೈಲಿದ್ದರೆ ಮೂಲ ಪತ್ತೆಯಾದೀತು. ಅಧಿಕಾರಿಗಳ ತಪಾಸಣೆ ಸಗಟು ಮಳಿಗೆಗಳಿಂದಲೇ ಶುರುವಾಗಲಿ.