ಕೆಟ್ಟದಾಗಿ ಬಾರಿಸಲೂ ಒಂದು ಕೋಣೆ ಬೇಕು

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾವು ಮೂವರು ಗೆಳತಿಯರು ಬ್ಯಾಂಡ್ ಕಟ್ಟಲು ಹೊರಟಿದ್ದೆವು. ನಮ್ಮಲ್ಲಿದ್ದದ್ದು ಅಣ್ಣ ಬಿಟ್ಟುಹೋದ ಹಳೇ ಗಿಟಾರ್, ಒಂದು ಬಕೆಟ್, ಒಂದು ಜೊತೆ ಭಜನೆಯ ತಾಳ. ನನಗೆ ಬರುತ್ತಿದ್ದದ್ದು ಎರಡೇ ಕಾರ್ಡ್. ಈಶ್ವರಮಂಗಲದ ನಮ್ಮ ಮನೆಯ ತಾರಸಿಯಲ್ಲಿ ಶುರು ಮಾಡಿದ ಮೂರನೇ ದಿನಕ್ಕೇ ಪಕ್ಕದ ಮನೆಯ ಅಜ್ಜಿ ಬಂದು, "ಎಂತ ಮಕ್ಕಳೇ ಇದು, ದನ ಹೆದರ್ತದೆ" ಎಂದರು. ಗೆಳತಿಯ ತೋಟದ ಶೆಡ್ಡಿಗೆ ಹೋದೆವು. ಮಳೆ ಹಿಡಿಯುವ ಮೊದಲು ಅಂಗಳದ ಅಡಿಕೆಯೆಲ್ಲ ಆ ಶೆಡ್ಡಿಗೆ ಬಂತು. ನಮ್ಮ ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಇದೆಲ್ಲ ನೆನಪಾದದ್ದು ಮೊನ್ನೆ 'ವಿ ಆರ್ ದ ಬೆಸ್ಟ್' ಎಂಬ ಸ್ವೀಡನ್ನಿನ ಸಿನಿಮಾ ನೋಡಿದಾಗ. 2013ರಲ್ಲಿ ಬಂದ ಈ ಚಿತ್ರದ ನಿರ್ದೇಶಕ ಲೂಕಾಸ್ ಮೂಡಿಸನ್. ಕಥೆ ಅವರ ಪತ್ನಿ ಕೋಕೊ ಬರೆದ ಚಿತ್ರಕಾದಂಬರಿಯದ್ದು. 1982ರ ಸ್ಟಾಕ್‌ಹೋಮ್. ಬೋಬೊ, ಕ್ಲಾರಾ ಎಂಬ ಇಬ್ಬರು ಹುಡುಗಿಯರಿಗೆ ಪಂಕ್ ಸಂಗೀತದ ಹುಚ್ಚು. ಮೂರು ಕಾರ್ಡ್ ಗೊತ್ತಿದ್ದರೆ ಸಾಕು, ಹೇಳಬೇಕಾದ್ದನ್ನು ಕಿರುಚಿ ಹೇಳು ಎನ್ನುವ ಸಂಗೀತ ಅದು. ಇವರಿಗೆ ಆ ಮೂರೂ ಗೊತ್ತಿಲ್ಲ! ಯುವಕೇಂದ್ರದಲ್ಲಿ ಹುಡುಗರ ಬ್ಯಾಂಡಿನ ಗಲಾಟೆಯಿಂದ ರೋಸಿಹೋದ ಇವರು, ಆ ಹುಡುಗರು ಅಭ್ಯಾಸದ ಕೋಣೆಗೆ ಹೆಸರು ಬರೆಸದೇ ಇದ್ದದ್ದನ್ನು ಕಂಡು ತಮ್ಮ ಹೆಸರು ಬರೆಯುತ್ತಾರೆ. ಬರೆದ ಮೇಲೆ ಬಾರಿಸಲೇಬೇಕಲ್ಲ! ಮೊದಲ ಹಾಡು ಆಟದ ಪೀರಿಯಡ್ ಮೇಲಿನ ಸಿಟ್ಟು. ಆಮೇಲೆ ಗಿಟಾರ್ ಬಲ್ಲ ಹೆಡ್ವಿಗ್ ಜೊತೆಯಾಗುತ್ತಾಳೆ. ಕೊನೆಯವರೆಗೂ ಅವರು ದೊಡ್ಡ ಕಲಾವಿದರಾಗುವುದಿಲ್ಲ.

ಆ ಹುಡುಗಿಯರ ಧೈರ್ಯಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಕೋಣೆ. ಹೆಸರು ಬರೆದರೆ ಸಿಗುವ ಕೋಣೆ. "ನಿಮಗೆ ಬರ್ತದಾ?" ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ವೇದಿಕೆಗೆ ಬರವಿಲ್ಲ. ಪ್ರತಿಭಾ ಕಾರಂಜಿ, ಕಾಲೇಜಿನ ಪ್ರತಿಭಾ ದಿನ, ಜಾತ್ರೆ, ವಾರ್ಷಿಕೋತ್ಸವ. ಎಲ್ಲವೂ ಬರುವವರಿಗೆ. ಬಾರದವರು ತಪ್ಪುತ್ತಾ ಕಲಿಯಲು ಜಾಗ ಎಲ್ಲಿದೆ?

ಮನೆಯೇ ಆ ಜಾಗವಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರವಿಲ್ಲ. ಗಡಿಯಾಚೆಯ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರಿಗೆ ಮೊದಲು ಒಲಿದದ್ದು ಶಾಸ್ತ್ರೀಯ ಸಂಗೀತ. ಯಕ್ಷಗಾನದ ಭಾಗವತಿಕೆ ಕಲಿತದ್ದು ಮದುವೆಯ ನಂತರ, ಹಿಮ್ಮೇಳ ಕಲಾವಿದರಾಗಿದ್ದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ. ಮುಂದೆ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ತಿರುಗಾಟ ಮಾಡಿದ ಮೊದಲ ಮಹಿಳಾ ಭಾಗವತರೆನಿಸಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಮರುವರ್ಷ ಅವರು ತೀರಿಕೊಂಡರು. ಆದರೆ ಎಲ್ಲ ಹುಡುಗಿಯರ ಮನೆಯಲ್ಲೂ ಕಲಿಸುವವರು ಇರುವುದಿಲ್ಲವಲ್ಲ.

"ಇದರಿಂದ ಹೊಟ್ಟೆ ತುಂಬ್ತದಾ?" ಎಂದು ಅಮ್ಮ ಕೇಳುತ್ತಿದ್ದರು. ತುಂಬುವುದಿಲ್ಲ. ಆದರೆ ಡಿಗ್ರಿ ಮುಗಿಸಿ ನಾಲ್ಕು ಸಂದರ್ಶನಗಳಿಗೆ ಹೋಗಿಬಂದೆ. ನಾಲ್ಕೂ ಕಡೆ ಕೇಳಿದ್ದು ಒಂದೇ: "ಅನುಭವ ಇದೆಯಾ?" ಅನುಭವ ಇಲ್ಲದವರಿಗೆ ಕೆಲಸವಿಲ್ಲ, ಕೆಲಸ ಇಲ್ಲದೆ ಅನುಭವವಿಲ್ಲ. ಶಾಲೆಯ ವೇದಿಕೆಯಲ್ಲಿ ಶುರುವಾದ ಕಥೆಯೇ ಆಫೀಸಿನಲ್ಲೂ ಮುಂದುವರಿಯುತ್ತದೆ. ತಪ್ಪಿದರೂ ಬಿಡದೆ ಮತ್ತೆ ಶುರು ಮಾಡುವುದು, ಮೂವರು ಜಗಳವಾಡಿಯೂ ಒಂದೇ ತಾಳಕ್ಕೆ ಬರುವುದು ನನಗೆ ಯಾವ ಸರ್ಟಿಫಿಕೇಟ್ ಕೋರ್ಸಿನಲ್ಲೂ ಸಿಕ್ಕಿಲ್ಲ. ಅಡಿಕೆ ಶೆಡ್ಡಿನಲ್ಲಿ ಸ್ವಲ್ಪ ಸಿಕ್ಕಿತ್ತು.

ಕೇಳುವುದು ದೊಡ್ಡದೇನಲ್ಲ. ನಾಲ್ಕೂವರೆ ಗಂಟೆಯ ಮೇಲೆ ಬೀಗ ಬೀಳುವ ಶಾಲೆಯ ಒಂದು ಕೊಠಡಿ, ಇಲ್ಲವೇ ಕ್ರಿಕೆಟ್ ಕಿಟ್ ಇಡುವ ಯುವಕ ಮಂಡಲದ ಕೋಣೆ, ವಾರಕ್ಕೆ ಎರಡು ಸಂಜೆ. ಬಾಗಿಲಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ನು. ಹಾಡಲಿ, ನಾಟಕ ಮಾಡಲಿ, ಇಂಗ್ಲಿಷ್ ಮಾತಾಡಲಿ, ತಪ್ಪು ತಪ್ಪಾಗಿಯೇ ಮಾಡಲಿ. ಕೊನೆಯ ಬಸ್ಸಿನ ಮೊದಲು ಮುಗಿಸಿದರಾಯಿತು.

ಆ ಗಿಟಾರ್ ಇನ್ನೂ ಅಟ್ಟದಲ್ಲಿದೆ. ತಂತಿಗೆ ತುಕ್ಕು ಹಿಡಿದಿದೆ. ನೋಟ್‌ಬುಕ್ ಇಟ್ಟ ದಿನ ತಿಳಿಸಿ, ಮೊದಲ ಹೆಸರು ನನ್ನದು.