ಒಂದು ಚಮಚ ತಿಂದರೆ ಏನಾಗುತ್ತದೆ?

ಈದ್ ನಮಾಝ್ ಮುಗಿಸಿ ಗಂಡಸರು ಮರಳುವ ಹೊತ್ತಿಗೆ ಮನೆಯೆಲ್ಲ ಶೀರ್ ಖುರ್ಮಾದ ಪರಿಮಳ ತುಂಬಿರುತ್ತದೆ. ಮನೆಗೆ ಬಂದವರನ್ನು ಬಾಯಿ ಸಿಹಿ ಮಾಡದೆ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ. ಮಕ್ಕಳಾದರೋ ಹೊಸ ಬಟ್ಟೆ ತೊಟ್ಟು, ಈದಿಯ ನೋಟುಗಳನ್ನು ಎಣಿಸುತ್ತಾ ಮನೆಯಿಂದ ಮನೆಗೆ ಓಡುತ್ತಿರುತ್ತಾರೆ. ಈ ಸಂಭ್ರಮದ ನಡುವೆ ಒಬ್ಬ ತಾಯಿ ಮಾತ್ರ ಮಗನ ಹಿಂದೆಯೇ ಸುತ್ತುತ್ತಾ, “ಅವನಿಗೆ ಕೊಡಬೇಡಿ, ಅವನಿಗೆ ಆಗುವುದಿಲ್ಲ” ಎನ್ನುತ್ತಿದ್ದರೆ ನೋಡಿದವರಿಗೆ ಅದು ಅತಿಯೆನಿಸುತ್ತದೆ. “ಹಬ್ಬದ ದಿನವೂ ಪಥ್ಯವೇ? ಒಂದು ಚಮಚ ತಿಂದರೆ ಏನಾಗುತ್ತದೆ?” ಎಂಬ ಮಾತು ಬಂದೇ ಬರುತ್ತದೆ.

ಏನಾಗುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಆಹಾರದ ಅಲರ್ಜಿ ಎಂದರೆ ಹಠವಲ್ಲ, ನಾಲಗೆಯ ಚಾಪಲ್ಯವಲ್ಲ, ಅಜೀರ್ಣವೂ ಅಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ಹಾಲು, ಮೊಟ್ಟೆ, ಗೋಡಂಬಿ ಅಥವಾ ಸಿಗಡಿಯಲ್ಲಿರುವ ಪ್ರೊಟೀನನ್ನೇ ಶತ್ರುವೆಂದು ತಪ್ಪಾಗಿ ತಿಳಿದು ಯುದ್ಧಕ್ಕಿಳಿಯುತ್ತದೆ. ಕೆಲವು ಮಕ್ಕಳಿಗೆ ಮೈಮೇಲೆ ದದ್ದುಗಳೆದ್ದು ಶಮನವಾಗಬಹುದು. ಇನ್ನು ಕೆಲವರಿಗೆ ಕೆಲವೇ ನಿಮಿಷಗಳಲ್ಲಿ ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟಬಹುದು. ಇದಕ್ಕೆ ಬಟ್ಟಲು ತುಂಬ ತಿನ್ನಬೇಕೆಂದಿಲ್ಲ, ಒಂದು ಚೂರು ಸಾಕು. “ಸ್ವಲ್ಪ ಸ್ವಲ್ಪ ಕೊಟ್ಟರೆ ಅಭ್ಯಾಸವಾಗುತ್ತದೆ” ಎಂದು ಅಜ್ಜಿಯೋ ಮಾಮಿಯೋ ಮನೆಯಲ್ಲೇ ಪ್ರಯೋಗಕ್ಕಿಳಿಯುವುದು ಪ್ರಾಣಕ್ಕೇ ಕುತ್ತು ತರಬಹುದು. ಹಾಲು, ಮೊಟ್ಟೆಯ ಅಲರ್ಜಿ ಅನೇಕ ಮಕ್ಕಳಲ್ಲಿ ವಯಸ್ಸಾದಂತೆ ಮಾಯವಾಗುವುದು ನಿಜ. ಆದರೆ ಅದು ಮಾಯವಾಗಿದೆಯೇ ಎಂದು ವೈದ್ಯರು ಪರೀಕ್ಷಿಸಿ ಹೇಳಬೇಕು, ಹಬ್ಬದ ನೆಂಟರಲ್ಲ.

ನಮ್ಮ ಹಬ್ಬದ ಅಡುಗೆಯನ್ನೇ ಒಮ್ಮೆ ನೋಡಿ. ಶೀರ್ ಖುರ್ಮಾದ ಒಂದೇ ಬಟ್ಟಲಿನಲ್ಲಿ ಹಾಲು, ಗೋಧಿಯ ಶಾವಿಗೆ, ಬಾದಾಮಿ, ಪಿಸ್ತಾ, ಗೋಡಂಬಿ ಎಲ್ಲವೂ ಇರುತ್ತವೆ. ಮೇಲಿನ ಗೋಡಂಬಿಯನ್ನು ಆರಿಸಿ ತೆಗೆದುಕೊಟ್ಟರೆ ಪ್ರಯೋಜನವಿಲ್ಲ, ಅದರ ಅಂಶ ಹಾಲಿನಲ್ಲೇ ಬೆರೆತಿರುತ್ತದೆ. ಕುರ್ಮಾದ ಮಸಾಲೆಯಲ್ಲಿ ಅರೆದ ಗೋಡಂಬಿ ಕಣ್ಣಿಗೇ ಕಾಣುವುದಿಲ್ಲ. ಬೇಯಿಸಿದರೆ ದೋಷ ಹೋಗುತ್ತದೆ ಎಂದು ನಂಬುವಂತಿಲ್ಲ. ಗೋಡಂಬಿಯೂ ಪಿಸ್ತಾವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಆದ್ದರಿಂದ ಒಂದು ಆಗದವರಿಗೆ ಇನ್ನೊಂದೂ ಆಗದಿರುವ ಸಾಧ್ಯತೆ ಹೆಚ್ಚು. ಹಸುವಿನ ಹಾಲು ಆಗದ ಮಗುವಿಗೆ ಆಡಿನ ಹಾಲು ಕೊಡಬಹುದೆಂಬ ನಂಬಿಕೆಯೂ ಸರಿಯಲ್ಲ, ಎರಡರ ಪ್ರೊಟೀನುಗಳಲ್ಲಿ ಬಹಳ ಹೋಲಿಕೆಯಿದೆ. ತುಪ್ಪದಲ್ಲೂ ಹಾಲಿನ ಪ್ರೊಟೀನು ಅಲ್ಪಸ್ವಲ್ಪ ಉಳಿದಿರಬಹುದು.

ಗಲ್ಫ್‌ನಿಂದ ಬಂದ ಬಂಧುಗಳು ತರುವ ಚಾಕಲೇಟು, ಬಾದಾಮಿ ತುಂಬಿದ ಖರ್ಜೂರ, ಪಿಸ್ತಾ ಹಾಕಿದ ಸಿಹಿಗಳ ಬಗ್ಗೆಯೂ ಎಚ್ಚರವಿರಲಿ. ನಮ್ಮ ದೇಶದಲ್ಲಿ ಪೊಟ್ಟಣದ ಆಹಾರಗಳ ಮೇಲೆ ಹಾಲು, ಮೊಟ್ಟೆ, ಮೀನು, ನೆಲಗಡಲೆ, ಗೋಡಂಬಿ ಬಾದಾಮಿಯಂತಹ ಬೀಜಗಳು, ಸೋಯಾ ಮುಂತಾದ ಅಲರ್ಜಿಕಾರಕಗಳಿದ್ದರೆ ಪ್ರತ್ಯೇಕವಾಗಿ ನಮೂದಿಸಬೇಕೆಂದು 2020ರ ಲೇಬಲ್ ನಿಯಮಗಳು ಹೇಳುತ್ತವೆ. ಓದುವ ಅಭ್ಯಾಸವನ್ನು ಮಗುವಿಗೂ ಕಲಿಸಿ. ಬೇಕರಿಯಲ್ಲಿ ತೂಕ ಮಾಡಿ ಕೊಡುವ ಬಿಡಿ ಸಿಹಿಗೆ ಲೇಬಲ್ ಇರುವುದಿಲ್ಲ. ಅದನ್ನು ದೂರವಿಡುವುದೇ ಲೇಸು.

ಹಾಗಾದರೆ ಆ ಮಗುವಿಗೆ ಹಬ್ಬವೇ ಇಲ್ಲವೇ? ಖಂಡಿತ ಇದೆ. ಆದರೆ ಅವನೊಬ್ಬನಿಗೆ ಅಡುಗೆಮನೆಯ ಮೂಲೆಯಲ್ಲಿ ಬೇರೆ ತಟ್ಟೆ ಇಟ್ಟು, ಉಳಿದವರಿಗೆಲ್ಲ ಶೀರ್ ಖುರ್ಮಾ ಬಡಿಸಿದರೆ ಅದು ಹಬ್ಬವಲ್ಲ, ಶಿಕ್ಷೆ. ಅವನು ತಿನ್ನಬಹುದಾದ ಒಂದು ಸಿಹಿಯನ್ನೇ ಮನೆಯವರಿಗೆಲ್ಲ ಮಾಡಿ. ಹಾಲು, ಬೀಜಗಳು ಆಗದಿದ್ದರೆ ಅಕ್ಕಿ, ಬೆಲ್ಲ, ತೆಂಗಿನ ಹಾಲಿನ ಪಾಯಸಕ್ಕೆ ಯಾವ ಕೊರತೆಯಿದೆ? ಬಿರಿಯಾನಿಗೆ ಗೋಡಂಬಿಯ ಬದಲು ಹುರಿದ ಈರುಳ್ಳಿ ಉದುರಿಸಿದರೆ ರುಚಿ ಕೆಡುವುದಿಲ್ಲ. ಅವನ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಡಿ. ಸೌಟು, ಬಾಣಲೆ, ಕರಿಯುವ ಎಣ್ಣೆ ಬೇರೆಯಾಗಿರಲಿ. ದೊಡ್ಡ ತಟ್ಟೆಯ ಸುತ್ತ ಕುಳಿತು ಎಲ್ಲರೂ ಒಟ್ಟಿಗೆ ಉಣ್ಣುವ ರೂಢಿಯಿದ್ದರೆ, ಅವನ ಪಾಲನ್ನು ಮೊದಲೇ ತೆಗೆದು ಅದೇ ಸುಪ್ರದಲ್ಲಿ ಪಕ್ಕದಲ್ಲೇ ಬಡಿಸಿ. ಬೀಜ ಹಾಕಿದ ಸಿಹಿ ತಿಂದವರು ಅವನನ್ನು ಮುದ್ದಿಸುವ ಮೊದಲು ಸಾಬೂನಿನಿಂದ ಕೈ, ಬಾಯಿ ತೊಳೆದುಕೊಳ್ಳಲಿ. ಬೇರೆ ಮನೆಗೆ ಹೋಗುವಾಗ ಅವನ ತಿಂಡಿಯ ಡಬ್ಬಿಯನ್ನು ಒಯ್ಯಿರಿ, ಹಿಂದಿನ ದಿನವೇ ಫೋನು ಮಾಡಿ ವಿಷಯ ತಿಳಿಸಿ.

ಆತಿಥ್ಯ ಮಾಡುವ ಸಹೋದರಿಯರಿಗೂ ಒಂದು ಮಾತು. ಒಮ್ಮೆ ಪ್ರವಾದಿ(ಸ)ಯವರ ಮುಂದೆ ಸುಟ್ಟ ಉಡದ ಮಾಂಸವನ್ನು ಇರಿಸಲಾಯಿತು. ಅವರು ಕೈ ಹಿಂತೆಗೆದುಕೊಂಡರು. ಅದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮ ನಾಡಿನಲ್ಲಿ ಅದಿಲ್ಲವಾದ್ದರಿಂದ ತಮಗೆ ಒಗ್ಗದು ಎಂದು ತಿಳಿಸಿದರು. ಖಾಲಿದ್(ರ) ಅಲ್ಲೇ ಕುಳಿತು ಅದನ್ನು ತಿಂದರು. ಬುಖಾರಿ, ಮುಸ್ಲಿಮ್‌ನಲ್ಲಿ ವರದಿಯಾದ ಘಟನೆಯಿದು. ಒಗ್ಗದ್ದನ್ನು ಬಿಡುವುದು ಬಡಿಸಿದವರಿಗೆ ಮಾಡುವ ಅವಮಾನವಲ್ಲ. ಕೇವಲ ಒಗ್ಗದ ಆಹಾರಕ್ಕೇ ಇಷ್ಟು ಸ್ವಾತಂತ್ರ್ಯವಿರುವಾಗ, ಜೀವಕ್ಕೇ ಅಪಾಯವಿರುವ ಮಗುವನ್ನು ಒತ್ತಾಯಿಸುವುದು ಆತಿಥ್ಯ ಹೇಗಾದೀತು? “ನಿನಗೆ ಏನು ಕೊಡಬಹುದು ಮಗನೇ?” ಎಂದು ಕೇಳಿ. ಒಂದು ಬಾಳೆಹಣ್ಣು, ಒಂದು ಈದಿಯ ನೋಟು ಸಾಕು, ಅವನ ಮುಖ ಅರಳುತ್ತದೆ.

ಎಷ್ಟು ಎಚ್ಚರವಹಿಸಿದರೂ ಕೈ ತಪ್ಪಬಹುದು. ದದ್ದುಗಳ ಜೊತೆಗೆ ಮತ್ತೆ ಮತ್ತೆ ವಾಂತಿ, ಬಿಡದ ಕೆಮ್ಮು, ಉಬ್ಬಸ, ಧ್ವನಿ ಬದಲಾಗುವುದು, ಮಂಕಾಗಿ ಕುಸಿಯುವುದು ಕಂಡರೆ ಕಾಯಬೇಡಿ. ಇದಕ್ಕೆ ಮೊದಲ ಮದ್ದು ತೊಡೆಯ ಹೊರಭಾಗಕ್ಕೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ, ಸಿರಪ್ಪು ತುರಿಕೆ ಇಳಿಸಬಹುದು, ಉಸಿರು ಉಳಿಸಲಾರದು. ಮನೆಯಲ್ಲಿ ಇದನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಕೊಡಬೇಕೆಂದು ರಮಝಾನ್ ಮುಗಿಯುವ ಮೊದಲೇ ಮಕ್ಕಳ ವೈದ್ಯರಿಂದ ಕಲಿತು, ಬರೆಸಿಕೊಂಡು ಬನ್ನಿ. ಮಗುವನ್ನು ಎಬ್ಬಿಸಿ ನಡೆಸಬೇಡಿ, ಮಲಗಿಸಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯಲೇಬೇಕು, ತೊಂದರೆ ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದು. ಹಬ್ಬದ ದಿನ ಪಕ್ಕದ ಕ್ಲಿನಿಕ್ ಮುಚ್ಚಿರುತ್ತದೆ. 24 ಗಂಟೆ ತೆರೆದಿರುವ ಆಸ್ಪತ್ರೆ ಯಾವುದೆಂದು ಮೊದಲೇ ಗುರುತಿಸಿಡಿ.

ಐದಾರು ವರ್ಷದ ಮಗುವಿಗೆ, “ನನಗೆ ಗೋಡಂಬಿ ಆಗುವುದಿಲ್ಲ, ಉಮ್ಮನನ್ನು ಕೇಳಿ ತಿನ್ನುತ್ತೇನೆ” ಎಂದು ಹೇಳಲು ಕಲಿಸಿ. ಅವನು ಹಾಗೆ ಹೇಳಿದಾಗ ಹಿರಿಯರು ನಗಬಾರದು, ಮುನಿಯಲೂಬಾರದು. ಚಮಚವನ್ನು ಕೆಳಗಿಟ್ಟು, “ಸರಿ ಮಗನೇ” ಎಂದರೆ ಸಾಕು. ಆ ತಾಯಿಯೂ ಆಗ ತುಸು ಹೊತ್ತು ಕುಳಿತು ತನ್ನ ಬಟ್ಟಲಿನ ಸಿಹಿಯನ್ನು ನೆಮ್ಮದಿಯಿಂದ ತಿಂದಾಳು.