ಆರೈಕೆಗೂ ಬೇಕು ಮುಯ್ಯಾಳು

ಒಕ್ಕಲುತನವನ್ನು ನೆಚ್ಚಿದ ಊರುಗಳಲ್ಲಿ ‘ಮುಯ್ಯಿ’ ಎಂಬುದು ಬಲು ಹಳೆಯ ಪದ್ಧತಿ. ಒಬ್ಬ ರೈತನ ಹೊಲದ ಕೆಲಸಕ್ಕೆ ನೆರೆಯವರು ಬಂದು ದುಡಿಯುವರು; ನೆರೆಯವರ ಹೊಲಕ್ಕೆ ಆತನ ಮನೆಯವರು ಹೋಗಿ ಆ ಋಣವನ್ನು ತೀರಿಸುವರು. ಇದರಲ್ಲಿ ಕೂಲಿಯ ಮಾತಿಲ್ಲ, ಉಪಕಾರದ ಹೊರೆಯೂ ಇಲ್ಲ. ಕೊಪ್ಪಳ ತಾಲ್ಲೂಕಿನ ಹಿಟ್ನಾಳದಂತಹ ಊರಿನ ಹಿರಿಯರಿಗೆ ಮುಯ್ಯಾಳು ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆಯ ಶಕ್ತಿಗೆ ಮೀರಿದ ಕೆಲಸವನ್ನು ಹತ್ತು ಮನೆಗಳು ಕೂಡಿ ಹಗುರಗೊಳಿಸಬಹುದೆಂಬ ತಿಳಿವಳಿಕೆ ಅದರಲ್ಲಿದೆ. ಹೊಲಕ್ಕೆ ಸಲ್ಲುವ ಈ ನೀತಿಯು, ಮರೆವಿನ ರೋಗಕ್ಕೆ ಈಡಾದ ಹಿರಿಯರನ್ನು ನೋಡಿಕೊಳ್ಳುವ ಮನೆಗೂ ಸಲ್ಲಬೇಕು.

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಈ ಸ್ಥಿತಿಯಲ್ಲಿ ನೆನಪು, ಮಾತು, ವಿವೇಚನೆಗಳು ಕ್ರಮೇಣ ಕುಂದುತ್ತ ಹೋಗುತ್ತವೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಆಲ್ಝೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಅದನ್ನು ಮೊದಲು ವಿವರಿಸಿದುದರಿಂದ ಆ ರೋಗಕ್ಕೆ ಆತನ ಹೆಸರೇ ನಿಂತಿತು. ಇದು ಮುಪ್ಪಿನ ಸಹಜ ಮರೆವಲ್ಲ. ನಿನ್ನೆ ಉಂಡ ಪಲ್ಯ ಯಾವುದೆಂದು ಮರೆಯುವುದು ವಯಸ್ಸಿನ ಗುಣ. ಈಗತಾನೆ ಉಂಡದ್ದನ್ನೇ ಮರೆತು, ತನಗೆ ಯಾರೂ ಉಣ್ಣಲಿಕ್ಕಲಿಲ್ಲವೆಂದು ಬೀದಿಯಲ್ಲಿ ನಿಂತು ದೂರುವುದು ರೋಗದ ಲಕ್ಷಣ. ಆ ದೂರನ್ನು ಕೇಳಿದ ಊರು ಸೊಸೆಯನ್ನು ನಿಂದಿಸುತ್ತದೆ. ಮುಂಜಾನೆಯಿಂದ ಅತ್ತೆಯ ಸ್ನಾನ, ಬಟ್ಟೆ, ಊಟಗಳಿಗಾಗಿಯೇ ಸವೆದವಳ ತಲೆಗೆ ಮತ್ತೆ ಅಪವಾದವೂ ಏರುತ್ತದೆ.

ಈ ಅಪವಾದಕ್ಕೆ ಅಜ್ಞಾನವೇ ಮೂಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ನಾಣ್ಣುಡಿ ಎಲ್ಲರ ಬಾಯಲ್ಲಿದೆ. ವರಕವಿ ಬೇಂದ್ರೆಯವರು ಅದೇ ಮಾತನ್ನು ತಮ್ಮ ಕವನ ಸಂಗ್ರಹಕ್ಕೆ ಹೆಸರಾಗಿಸಿದರು. ಆ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಆದರೆ ಬೀದಿಯಲ್ಲಿ ಆ ಮಾತು ನಗೆಗಷ್ಟೇ ಬಳಕೆಯಾಗುತ್ತದೆ. ನಕ್ಕು ಬಿಟ್ಟ ರೋಗಕ್ಕೆ ಚಿಕಿತ್ಸೆಯನ್ನು ಯಾರೂ ಅರಸುವುದಿಲ್ಲ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ತಲೆದೋರಬಹುದು; ಅಂತಹ ಮರೆವಿಗೆ ಔಷಧವುಂಟು. ಆಲ್ಝೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದಲೇ ಅಲ್ಲಿ ಆರೈಕೆಗೆ ಇಷ್ಟೊಂದು ಮಹತ್ವ.

ರೋಗಿಗಳ ಸಂಖ್ಯೆಯೂ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ತುಂಬಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಈ ಸ್ಥಿತಿಯಲ್ಲಿದ್ದಾರೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಇದರ ಪ್ರಮಾಣ ಹೆಚ್ಚು. ಈ ಲೆಕ್ಕದಂತೆ 300 ಹಿರಿಯರಿರುವ ಒಂದು ಊರಿನಲ್ಲಿ ಸುಮಾರು 22 ಮಂದಿಗೆ ಈ ರೋಗವಿರಬಹುದು. ಅಷ್ಟು ಮನೆಗಳಲ್ಲಿ ಯಾರೋ ಒಬ್ಬರು ಹಗಲಿರುಳು ಕಾವಲಿದ್ದಾರೆಂದೇ ಇದರ ಅರ್ಥ.

ಆ ಒಬ್ಬರು ಯಾರು? ಪ್ರಪಂಚದಾದ್ಯಂತ ಇಂತಹ ಆರೈಕೆಯ ಗಂಟೆಗಳಲ್ಲಿ ಶೇಕಡಾ 70ರಷ್ಟು ಸ್ತ್ರೀಯರದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಂಡತಿ, ಸೊಸೆ, ಮಗಳು. ಇವರಲ್ಲಿ ಒಬ್ಬರ ಪಾಲಿಗೆ ಈ ಹೊಣೆ ಬರುತ್ತದೆ. ರೋಗಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬ ಅರಿವು ತಪ್ಪಿದಾಗ ನೋಡಿಕೊಳ್ಳುವವರ ನಿದ್ರೆಯೂ ಹೋಗುತ್ತದೆ. ಬಾಗಿಲು ತೆರೆದಿದ್ದರೆ ರೋಗಿ ಹೊರಟೇಬಿಡುವರು. ಹಿಟ್ನಾಳದಂತಹ ಹೆದ್ದಾರಿಯ ಊರಿನಲ್ಲಿ ಅದು ಪ್ರಾಣಕ್ಕೇ ಅಪಾಯ. ದುಡಿಯುವ ಮಕ್ಕಳು ಗುಳೆ ಹೋದ ಮನೆಗಳಲ್ಲಂತೂ ಹಿರಿಯರ ಬಳಿ ಉಳಿಯುವವರು ಮುದುಕಿಯೊಬ್ಬಳು ಇಲ್ಲವೆ ಹುಡುಗಿಯೊಬ್ಬಳು. ಮೊದಲು ವಾರಕ್ಕೊಂದು ದಿನ, ಆಮೇಲೆ ಎರಡು ದಿನ, ಕೊನೆಗೆ ಪೂರ್ತಿಯಾಗಿ ಆ ಹುಡುಗಿ ಶಾಲೆ ಬಿಟ್ಟರೆ, ಹಾಜರಿ ಪುಸ್ತಕದಲ್ಲಿ ಅದರ ಕಾರಣ ಕಾಣಿಸದು. ಮನೆಯ ಒಬ್ಬರಿಗೆ ಬಂದ ರೋಗ ಮತ್ತೊಬ್ಬರ ಭವಿಷ್ಯವನ್ನು ಕಸಿದುಕೊಂಡಂತಾಯಿತು.

ಇದಕ್ಕೆ ಸಮಾಜ ಸಾಮಾನ್ಯವಾಗಿ ಕೊಡುವ ಉತ್ತರ ಹೊಗಳಿಕೆ. ‘ಎಂಥ ಸೊಸೆ! ಪುಣ್ಯವಂತೆ’ ಎಂದು ಹೇಳಿ ಜನ ಮುಂದೆ ಹೋಗುವರು. ಹೊಗಳಿಕೆಯಿಂದ ನಿದ್ರೆ ಬರುವುದಿಲ್ಲ. ಅವಿಭಕ್ತ ಕುಟುಂಬವೊಂದಿದ್ದರೆ ಸಾಕಿತ್ತೆಂದು ಕೆಲವರು ಹಂಬಲಿಸುವರು. ಅಲ್ಲಿ ಕೈಗಳು ಹೆಚ್ಚಿದ್ದುದು ನಿಜ. ಆದರೆ ಅಂದು ಇಷ್ಟು ದೀರ್ಘಕಾಲ ಬದುಕುವವರ ಸಂಖ್ಯೆ ಕಡಿಮೆಯಿತ್ತು. ಮನೆಯ ಮಾತನ್ನು ಬೀದಿಗೆ ತರಬಾರದೆಂದು ಇನ್ನು ಕೆಲವರು ವಾದಿಸುವರು. ಮಾನವನ್ನು ಕಾಯುವ ಈ ಕಳಕಳಿ ತಳ್ಳಿಹಾಕತಕ್ಕದ್ದಲ್ಲ. ದಾನವನ್ನು ಕೈಚಾಚಿ ಪಡೆಯಲು ಯಾರಿಗಾದರೂ ಸಂಕೋಚವಾಗುವುದು ಸಹಜ. ಮುಯ್ಯಿಯಲ್ಲಿ ಆ ಸಂಕೋಚಕ್ಕೆ ಎಡೆಯಿಲ್ಲ. ಇಂದು ಪಡೆದ ಮನೆ ನಾಳೆ ಕೊಡುತ್ತದೆ. ಇಂದು ಕೊಟ್ಟ ಮನೆಗೂ ಮುಪ್ಪು ತಪ್ಪಿದ್ದಲ್ಲ.

ಊರು ಕೊಡಬೇಕಾದುದು ಹಣಕ್ಕಿಂತ ಮೊದಲು ಹೊತ್ತು. ಎಂಟು ಮನೆಗಳು ವಾರಕ್ಕೆ ಎರಡೆರಡು ಗಂಟೆ ರೋಗಿಯ ಬಳಿ ಕುಳಿತರೆ, ಆ ಮನೆಯ ಹೆಣ್ಣುಮಗಳಿಗೆ ಹದಿನಾರು ಗಂಟೆ ದೊರೆಯುತ್ತವೆ. ಆಕೆ ಸಂತೆಗೆ ಹೋಗಿ ಬರಬಹುದು, ತನ್ನ ನೋವನ್ನು ವೈದ್ಯರಿಗೆ ತೋರಿಸಬಹುದು, ಸುಮ್ಮನೆ ಮಲಗಲೂಬಹುದು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಗಳು ಬರುವುದನ್ನು ಈ ಭಾಗದ ಮಕ್ಕಳೆಲ್ಲ ಬಲ್ಲರು. ಒಂದು ಮನೆಯ ರೊಟ್ಟಿಗಳು ಕೆಲವೇ. ಎಲ್ಲ ಮನೆಗಳವು ಸೇರಿದಾಗ ಲಕ್ಷಾಂತರ ಜನರಿಗೆ ಊಟವಾಗುತ್ತದೆ. ಗಂಟೆಗಳನ್ನೂ ಹಾಗೆಯೇ ಕೂಡಿಸಬಹುದು.

ಇದು ಬರಿಯ ಕಲ್ಪನೆಯಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ನೋವು ಶಮನ ಸೇವೆಯು ಮುಂದೆ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಸಾಮಾನ್ಯರು ತರಬೇತಿ ಪಡೆದು, ಹಾಸಿಗೆ ಹಿಡಿದ ರೋಗಿಗಳ ಮನೆಗಳಿಗೆ ಹೋಗತೊಡಗಿದರು. ಜಪಾನ್ ದೇಶದಲ್ಲಿ ಈ ರೋಗಕ್ಕಿದ್ದ ಅವಮಾನಕರ ಹೆಸರನ್ನು 2004ರಲ್ಲಿ ಕೈಬಿಟ್ಟು, ಬೇರೊಂದು ಹೆಸರಿಟ್ಟರು. ಮರುವರ್ಷದಿಂದ ಸುಮಾರು ತೊಂಬತ್ತು ನಿಮಿಷಗಳ ಒಂದು ಪಾಠವನ್ನು ಅಂಗಡಿಯವರಿಗೆ, ಬ್ಯಾಂಕಿನವರಿಗೆ, ಶಾಲಾಮಕ್ಕಳಿಗೆ ಕಲಿಸತೊಡಗಿದರು. ಅದನ್ನು ಕಲಿತವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ.

ಅಂತಹ ಪಾಠದ ಸಾರ ಕಠಿಣವೇನೂ ಅಲ್ಲ. ಮುದುಕನೊಬ್ಬ, ಎಂದೋ ಮಾರಿದ ಎತ್ತುಗಳನ್ನು ನೆನೆದು ‘ಎತ್ತಿಗೆ ನೀರು ಕುಡಿಸಿದಿರೇನು?’ ಎಂದು ಕೇಳಿದರೆ, ‘ಎತ್ತೆಲ್ಲಿ ಬಂತು, ನಿನಗೆ ತಲೆ ಕೆಟ್ಟಿದೆ’ ಎಂದು ಗದರುವುದರಿಂದ ಆತನ ಭಯ ಹೆಚ್ಚುತ್ತದೆ. ‘ಎತ್ತಿನ ಚಿಂತೆ ಬೇಡ ಮುತ್ಯಾ, ಅವು ಹೆಂಗಿದ್ದವು ಹೇಳು’ ಎಂದು ಕೇಳಿದರೆ ಮನಸ್ಸು ಶಾಂತವಾಗುತ್ತದೆ. ಹಿರಿಯರೊಬ್ಬರು ದಾರಿ ತಪ್ಪಿ ಅಲೆಯುವುದು ಕಂಡರೆ ಮೆಲ್ಲನೆ ಮಾತನಾಡಿಸಿ ಮನೆಗೆ ಮುಟ್ಟಿಸಬೇಕು. ಚಹದಂಗಡಿಯವನು, ಬಸ್ಸಿನ ಕಂಡಕ್ಟರು, ಗುಡಿಯ ಪೂಜಾರಿ ಇದನ್ನು ತಿಳಿದಿದ್ದರೆ ಊರೇ ಕಾವಲಾಗುತ್ತದೆ. ಹುಲಗಿಯ ಹುಲಿಗೆಮ್ಮನ ಗುಡಿಯಂತಹ ಜನಸಂದಣಿಯ ಸ್ಥಳಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ರೋಗಿಯ ಕಿಸೆಯಲ್ಲಿ ಮನೆಯ ದೂರವಾಣಿ ಸಂಖ್ಯೆಯ ಚೀಟಿಯೊಂದಿದ್ದರೆ ಹುಡುಕುವವರ ಕೆಲಸ ಸುಲಭ.

ಊರು ಮುಂದಾಯಿತೆಂದು ಸರ್ಕಾರ ಹಿಂದೆ ಸರಿಯುವಂತಿಲ್ಲ. ಭಾರತದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅದರ ಮೊದಲ ಕ್ಷೇತ್ರಗಳಲ್ಲಿ ಒಂದಾಗಿತ್ತು. ಇತ್ತೀಚೆಗೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳು ತೆರೆದಿವೆ. ಮಗುವನ್ನು ಹಗಲು ಕಾಯುವುದು ಸಮಾಜದ ಹೊಣೆಯೆಂದು ಒಪ್ಪಿದ ಮೇಲೆ, ಮಗುವಿನಂತಾದ ಮುದುಕರ ಕೆಲವು ಗಂಟೆಗಳ ಹೊಣೆಯನ್ನು ಒಪ್ಪಲು ಅಡ್ಡಿಯೇನು? ರೋಗವನ್ನು ಗುರುತಿಸಲು ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕ ಸರ್ಕಾರ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿತು. ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯುಂಟು. ಇವುಗಳೊಡನೆ ಪ್ರತಿ ಪಂಚಾಯಿತಿಯಲ್ಲೂ ಹಿರಿಯರಿಗೊಂದು ಹಗಲುಮನೆ ಇರಬೇಕೆಂದು ಜನ ಕೇಳುವುದು ನ್ಯಾಯ.

ಅಂತಹ ಮನೆ ಬರುವ ತನಕ ಕಾಯಬೇಕಾದ ಕಾರಣವಿಲ್ಲ. ತರಗತಿಯಲ್ಲಿ ಒಂದು ಸ್ಥಾನ ಬಹುದಿನದಿಂದ ಖಾಲಿಯಿದ್ದರೆ, ಕಾರಣವನ್ನು ಕೇಳುವುದು ಜೊತೆಯ ವಿದ್ಯಾರ್ಥಿಗಳಿಂದಲೇ ಆರಂಭವಾಗಬಹುದು. ಮರೆವಿನ ಅಜ್ಜಿಯನ್ನು ನೋಡಿಕೊಳ್ಳಲು ಗೆಳತಿಯೊಬ್ಬಳು ಮನೆಯಲ್ಲಿ ಉಳಿದಿದ್ದರೆ, ಆ ಸಂಗತಿಯನ್ನು ಶಿಕ್ಷಕರಿಗೂ ತಮ್ಮ ತಂದೆತಾಯಿಗಳಿಗೂ ತಿಳಿಸಬೇಕು. ನೆರೆಯ ನಾಲ್ಕು ಮನೆಗಳು ಸರದಿಯಂತೆ ಆ ಅಜ್ಜಿಯ ಬಳಿ ಕುಳಿತರೆ ಗೆಳತಿ ಮತ್ತೆ ಶಾಲೆಗೆ ಬರಬಲ್ಲಳು.